ಎಲ್ಲರ ವೇಗವೂ ಒಂದೇ ಆದರೆ ಹಿಂದಿಕ್ಕುವವರು ಯಾರು?

ಅಮೆರಿಕದ ನ್ಯಾಸ್ಕಾರ್ ಕಪ್ ಸರಣಿಯ ಏಳನೇ ಪೀಳಿಗೆಯ ಕಾರಿಗೆ 'ನೆಕ್ಸ್ಟ್ ಜೆನ್' ಎಂದು ಹೆಸರು. 2021ರಲ್ಲೇ ಬರಬೇಕಿದ್ದ ಈ ಕಾರು ಕೋವಿಡ್ ಕಾರಣಕ್ಕೆ ಒಂದು ವರ್ಷ ತಡವಾಗಿ, 2022ರಲ್ಲಿ ಟ್ರ್ಯಾಕಿಗಿಳಿಯಿತು. ಅದರ ಜೊತೆಗೇ ಹುಟ್ಟಿದ ವಿವಾದ ಇನ್ನೂ ತಣ್ಣಗಾಗಿಲ್ಲ. ಒಂದೂವರೆ ಮೈಲಿಯ ದೊಡ್ಡ ಟ್ರ್ಯಾಕುಗಳಲ್ಲಿ ಈ ಕಾರು ಒಳ್ಳೆಯ ಪೈಪೋಟಿ ಕೊಟ್ಟಿದೆ. ಆದರೆ ನ್ಯಾಸ್ಕಾರ್‌ನಂಥ ಸ್ಟಾಕ್ ಕಾರ್ ರೇಸಿಂಗ್ ಬೇರುಬಿಟ್ಟ ಅರ್ಧ ಮೈಲಿಯ ಚಿಕ್ಕ ಟ್ರ್ಯಾಕುಗಳಲ್ಲಿ ರೇಸಿನ ಜೀವವನ್ನೇ ಹಿಂಡಿದೆ. ಕಾರಿನ ಹಿಡಿತವನ್ನು ಏರಿಸಿ ಎಂಜಿನ್ನಿನ ಶಕ್ತಿಯನ್ನು ಇಳಿಸಿದ ನಿರ್ಧಾರವೇ ಇದಕ್ಕೆ ಮೂಲ. ಆ ನಿರ್ಧಾರವನ್ನು ಮುಟ್ಟದೆ ನಾಲ್ಕು ವರ್ಷ ಉಳಿದದ್ದನ್ನೆಲ್ಲ ತಿದ್ದುತ್ತ ಕೂತದ್ದು ನ್ಯಾಸ್ಕಾರ್ ಆಡಳಿತದ ತಪ್ಪು.

ಹಳೆಯ ಕಾರಿನ ಚಾಸಿಯನ್ನು ದೊಡ್ಡ ತಂಡಗಳು ತಮ್ಮ ಕಾರ್ಖಾನೆಯಲ್ಲೇ ಕಟ್ಟಿಕೊಳ್ಳುತ್ತಿದ್ದವು. ಚಕ್ರಗಳು 15 ಇಂಚಿನ ಉಕ್ಕಿನವು, ಪ್ರತಿ ಚಕ್ರಕ್ಕೆ ಐದು ನಟ್ಟು, ಹಿಂಬದಿಗೆ ಇಡಿಯಾದ ಒಂದೇ ಆಕ್ಸಲ್, ನಾಲ್ಕು ಗೇರು. ಹೊಸ ಕಾರಿನಲ್ಲಿ ಚಕ್ರ 18 ಇಂಚಿನ ಅಲ್ಯೂಮಿನಿಯಂ, ನಡುವೆ ಒಂದೇ ದೊಡ್ಡ ನಟ್ಟು. ಹಿಂಬದಿಯ ಎರಡು ಚಕ್ರಗಳಿಗೂ ಪ್ರತ್ಯೇಕ ಸಸ್ಪೆನ್ಷನ್, ಐದು ಗೇರಿನ ಸೀಕ್ವೆನ್ಷಿಯಲ್ ಪೆಟ್ಟಿಗೆ. ಚಕ್ರ ದೊಡ್ಡದಾದದ್ದರಿಂದ ಅದರೊಳಗಿನ ಬ್ರೇಕೂ ದೊಡ್ಡದಾಯಿತು. ಕಾರಿನ ತಳ ಪೂರ್ತಿ ಚಪ್ಪಟೆ, ಅದರ ತುದಿಗೆ ಗಾಳಿಯನ್ನು ಹರಿಸಿ ಕಾರನ್ನು ನೆಲಕ್ಕೆ ಒತ್ತುವ ಡಿಫ್ಯೂಸರ್. ಮುಖ್ಯ ಭಾಗಗಳೆಲ್ಲ ಒಬ್ಬೊಬ್ಬರೇ ಗೊತ್ತುಪಡಿಸಿದ ಪೂರೈಕೆದಾರರಿಂದ ಬರುತ್ತವೆ, ತಂಡಗಳು ಅವನ್ನು ತಿದ್ದುವಂತಿಲ್ಲ. ಹಾಗೆ ಒಂದು ಭಾಗವನ್ನು ತಿದ್ದಿದ್ದಕ್ಕೆ 2022ರ ಮಾರ್ಚ್‌ನಲ್ಲಿ ಬ್ರಾಡ್ ಕೆಸೆಲೋವ್ಸ್ಕಿಯವರ ತಂಡ 100 ಅಂಕ ಕಳೆದುಕೊಂಡು, 1 ಲಕ್ಷ ಡಾಲರ್ ದಂಡವನ್ನೂ ತೆರಬೇಕಾಯಿತು.

ಇಷ್ಟು ಬಿಗಿ ನಿಯಮಕ್ಕೆ ಕಾರಣವಿತ್ತು. ಹಣವಿದ್ದ ನಾಲ್ಕಾರು ತಂಡಗಳು ಗಾಳಿಯ ಹರಿವನ್ನು ಪರೀಕ್ಷಿಸುವ ವಿಂಡ್ ಟನಲ್‌ನಲ್ಲಿ ಕೋಟಿಗಟ್ಟಲೆ ಸುರಿದು ಉಳಿದವರನ್ನು ಲೆಕ್ಕಕ್ಕೇ ಇಲ್ಲದಂತೆ ಮಾಡಿದ್ದವು. ಎಲ್ಲರಿಗೂ ಒಂದೇ ಸಾಮಾನು ಕೊಟ್ಟರೆ ಸಣ್ಣ ತಂಡಕ್ಕೂ ಗೆಲ್ಲುವ ದಾರಿ ತೆರೆಯುತ್ತದೆ ಎಂಬ ಎಣಿಕೆ ಹುಸಿಯಾಗಲಿಲ್ಲ. 2022ರಲ್ಲಿ 19 ಮಂದಿ ಬೇರೆ ಬೇರೆ ಚಾಲಕರು ಗೆದ್ದು, 2001ರ ದಾಖಲೆಯನ್ನು ಸರಿಗಟ್ಟಿದರು. ಹಿಂದಿನ ವರ್ಷವಷ್ಟೇ ಕಣಕ್ಕಿಳಿದಿದ್ದ ಟ್ರ್ಯಾಕ್‌ಹೌಸ್ ತಂಡದ ರಾಸ್ ಚಾಸ್ಟೇನ್ ಆ ವರ್ಷ ಚಾಂಪಿಯನ್‌ಶಿಪ್‌ನಲ್ಲಿ ಎರಡನೆಯವರಾದರು. 2024ರ ಮೇ ತಿಂಗಳಲ್ಲಿ ಒಂದೂವರೆ ಮೈಲಿಯ ಕಾನ್ಸಾಸ್ ಟ್ರ್ಯಾಕಿನಲ್ಲಿ ಕೈಲ್ ಲಾರ್ಸನ್ ಅವರು ಕ್ರಿಸ್ ಬ್ಯೂಷರ್ ಅವರನ್ನು 0.001 ಸೆಕೆಂಡಿನಿಂದ ಮಣಿಸಿದರು. ಕಪ್ ಸರಣಿ ಕಂಡ ಅತಿ ಕಡಿಮೆ ಅಂತರದ ಗೆಲುವು ಅದು. ಈ ಕಾರಿನಲ್ಲಿ ಒಳ್ಳೆಯದೇನೂ ಇಲ್ಲ ಎನ್ನುವವರು ಕಾನ್ಸಾಸ್‌ನ ಆ ಕೊನೆಯ ಸುತ್ತಿಗೆ ಉತ್ತರ ಹೇಳಬೇಕಾಗುತ್ತದೆ.

ಸುರಕ್ಷತೆಯ ಮಾತು ಬೇರೆ. ಮೊದಲ ವರ್ಷದ ಕಾರಿನ ಹಿಂಭಾಗ ಅತಿ ಬಿರುಸಾಗಿದ್ದು, ಗೋಡೆಗೆ ಬಡಿದ ಪೆಟ್ಟು ನೇರವಾಗಿ ಚಾಲಕನ ತಲೆಗೆ ತಾಗುತ್ತಿತ್ತು. 2022ರ ಜುಲೈನಲ್ಲಿ ಪೋಕೋನೋದ ಅರ್ಹತಾ ಸುತ್ತಿನಲ್ಲಿ ಮಿದುಳಿಗೆ ಪೆಟ್ಟಾದ ಕರ್ಟ್ ಬುಷ್ ಮತ್ತೆ ಪೂರ್ಣಾವಧಿ ಚಾಲಕರಾಗಿ ಮರಳಲಿಲ್ಲ. ಎರಡು ತಿಂಗಳ ತರುವಾಯ ಟೆಕ್ಸಾಸ್‌ನಲ್ಲಿ ಅಲೆಕ್ಸ್ ಬೋಮನ್ ಅವರಿಗೂ ಅದೇ ಬಗೆಯ ಪೆಟ್ಟಾಯಿತು. 2023ಕ್ಕೆ ಹಿಂಭಾಗದ ರಚನೆಯನ್ನು ಮೆದು ಮಾಡಲಾಯಿತು. ಒಬ್ಬ ಚಾಂಪಿಯನ್ನನ ವೃತ್ತಿಜೀವನ ಮುಗಿದ ಮೇಲೆ ಬಂದ ತಿದ್ದುಪಡಿ ಅದು ಎಂಬುದನ್ನು ಮರೆಯುವಂತಿಲ್ಲ.

ರೇಸು ಕೆಟ್ಟ ಬಗೆಯನ್ನು ತಿಳಿಯಲು ವರ್ಜೀನಿಯಾದ ಮಾರ್ಟಿನ್ಸ್‌ವಿಲ್ ಟ್ರ್ಯಾಕನ್ನು ನೋಡಬೇಕು. 1947ರಲ್ಲಿ ತೆರೆದ, 1949ರಿಂದ ಕಪ್ ಸರಣಿಯಲ್ಲಿ ಬಿಡದೆ ಉಳಿದಿರುವ ಈ ಟ್ರ್ಯಾಕಿನ ಸುತ್ತಳತೆ 0.526 ಮೈಲಿ. 800 ಅಡಿಯ ಎರಡು ನೇರ ದಾರಿಗಳು, ಅವುಗಳ ತುದಿಯಲ್ಲಿ ಹೆಚ್ಚು ಓರೆಯಿಲ್ಲದ ಬಿಗಿ ತಿರುವುಗಳು. ಹಳೆಯ ಕಾರಿನಲ್ಲಿ ಚಾಲಕ ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರನ್ನು ಅಳೆದು ಒತ್ತಬೇಕಿತ್ತು. ಕೊಂಚ ಹೆಚ್ಚಾದರೆ ಹಿಂಬದಿಯ ಚಕ್ರ ನಿಂತಲ್ಲೇ ಸುತ್ತಿ, ಕಾರು ಓರೆಯಾಗಿ, ಹಿಂದಿನವನಿಗೆ ಒಳಬದಿ ತೆರೆದುಕೊಳ್ಳುತ್ತಿತ್ತು. ಹಿಂದಿಕ್ಕುವ ಅವಕಾಶ ಹುಟ್ಟುತ್ತಿದ್ದದ್ದು ಮುಂದಿನವನ ಈ ಸಣ್ಣ ತಪ್ಪಿನಿಂದ.

ಹೊಸ ಕಾರು ಆ ತಪ್ಪಿಗೆ ಎಡೆಯನ್ನೇ ಕೊಡುವುದಿಲ್ಲ. 2021ರಲ್ಲಿ ಚಿಕ್ಕ ಟ್ರ್ಯಾಕುಗಳಲ್ಲಿ 750 ಇದ್ದ ಅಶ್ವಶಕ್ತಿ 2022ಕ್ಕೆ 670ಕ್ಕೆ ಇಳಿಯಿತು. ಅದೇ ಹೊತ್ತಿಗೆ ಟೈರು ಅಗಲವಾಯಿತು, ಸಸ್ಪೆನ್ಷನ್ ನೆಲವನ್ನು ಇನ್ನೂ ಗಟ್ಟಿಯಾಗಿ ಹಿಡಿಯಿತು. ಚಕ್ರ ಜಾರುವಷ್ಟು ಶಕ್ತಿ ಇಲ್ಲದಿದ್ದಾಗ ಆಕ್ಸಿಲರೇಟರನ್ನು ಅಳೆದು ಒತ್ತುವ ಕೌಶಲಕ್ಕೆ ಬೆಲೆ ಉಳಿಯಲಿಲ್ಲ. ತಿರುವಿನ ನಡುವೆ ವೇಗ ಕಳೆದುಕೊಂಡವನೂ ಗೇರನ್ನು ಒಂದು ಮೆಟ್ಟಿಲು ಇಳಿಸಿ ಎಂಜಿನ್ನನ್ನು ಮತ್ತೆ ಬಿರುಸಿಗೆ ತರುತ್ತಾನೆ; ಹಿಂದೆ ನಾಲ್ಕೈದು ಕಾರುಗಳ ಜಾಗವನ್ನು ಕಳೆಯುತ್ತಿದ್ದ ಎಡವಟ್ಟು ಈಗ ಕಣ್ಣಿಗೇ ಬೀಳುವುದಿಲ್ಲ. ಬ್ರೇಕು ಬಲವಾದದ್ದರಿಂದ ಬ್ರೇಕ್ ಹಾಕುವ ದೂರವೂ ಕುಗ್ಗಿತು, ಅಲ್ಲಿ ಮುನ್ನುಗ್ಗುವ ಜಾಗವೂ ಹೋಯಿತು. ಇದರ ಮೇಲೆ ಮುಂದಿನ ಕಾರು ಬಿಟ್ಟುಹೋಗುವ ಕದಡಿದ ಗಾಳಿಯ ತೊಂದರೆ ಇದ್ದೇ ಇದೆ. ಚಪ್ಪಟೆ ತಳ ಅದನ್ನು ತಗ್ಗಿಸುತ್ತದೆ ಎಂದು ಆಡಳಿತ ನಂಬಿತ್ತು, ಚಿಕ್ಕ ಟ್ರ್ಯಾಕಿನಲ್ಲಿ ತಗ್ಗಲಿಲ್ಲ. 2022ರ ಏಪ್ರಿಲ್‌ನ ಮಾರ್ಟಿನ್ಸ್‌ವಿಲ್ ರೇಸಿನಲ್ಲಿ ಚೇಸ್ ಎಲಿಯಟ್ 185 ಸುತ್ತು, ವಿಲಿಯಂ ಬೈರನ್ 212 ಸುತ್ತು ಮುಂದಿದ್ದರು. ಉಳಿದವರಿಗೆ ಸಿಕ್ಕದ್ದು ಬೆರಳೆಣಿಕೆಯ ಸುತ್ತುಗಳು. ಅಂದಿನ ರಾತ್ರಿಯ ಚಳಿಯನ್ನು ದೂರಿದವರಿದ್ದರು. ಮುಂದಿನ ವರ್ಷಗಳ ರೇಸುಗಳು ಚಳಿಯ ಮೇಲೆ ಹೊಣೆ ಹೊರಿಸಲು ಬಿಡಲಿಲ್ಲ.

ಸಮಾನತೆಯೇ ಇಲ್ಲಿ ತಿರುಗಿಬಿದ್ದಿದೆ. ಹತ್ತನೆಯ ಕಾರನ್ನು ಹಿಂದಿಕ್ಕಬೇಕಾದರೆ ಹನ್ನೊಂದನೆಯ ಕಾರು ಅದಕ್ಕಿಂತ ವೇಗವಾಗಿರಲೇಬೇಕು. ಚಾಸಿ, ಸಸ್ಪೆನ್ಷನ್, ಗೇರು ಎಲ್ಲವೂ ಒಂದೇ ಆಗಿ, ಚಾಲಕನ ಕಾಲಿಗೂ ಕೆಲಸ ಕಡಿಮೆಯಾದಾಗ ವೇಗದ ವ್ಯತ್ಯಾಸ ಹುಟ್ಟುವುದಾದರೂ ಎಲ್ಲಿಂದ? ಹಾಗಾಗಿ ಅರ್ಹತಾ ಸುತ್ತಿನಲ್ಲಿ ಸಿಕ್ಕ ಜಾಗ ಮತ್ತು ಪಿಟ್‌ನಲ್ಲಿ ಟೈರು ಬದಲಿಸುವವರ ಕೈಚಳಕವೇ ಫಲಿತಾಂಶವನ್ನು ಬರೆಯತೊಡಗಿದವು.

ಆಡಳಿತ 2023ರಲ್ಲಿ ಚಿಕ್ಕ ಟ್ರ್ಯಾಕುಗಳಿಗೆ ಕಾರಿನ ಹಿಂತುದಿಯಲ್ಲಿ ಗಾಳಿಯನ್ನು ತಡೆಯುವ ಸ್ಪಾಯ್ಲರನ್ನು 4 ಇಂಚಿನಿಂದ 2 ಇಂಚಿಗೆ ತಗ್ಗಿಸಿ, ಡಿಫ್ಯೂಸರಿನ ಪಟ್ಟಿಗಳನ್ನೂ ಕತ್ತರಿಸಿತು. ಹೇಳಿಕೊಳ್ಳುವ ಬದಲಾವಣೆ ಆಗಲಿಲ್ಲ. ನಿಜವಾದ ಸುಳಿವು ಸಿಕ್ಕದ್ದು ಯಾರೂ ಎಣಿಸದ ಕಡೆ, 2024ರ ಮಾರ್ಚ್‌ನಲ್ಲಿ ಟೆನೆಸಿಯ ಬ್ರಿಸ್ಟಲ್‌ನಲ್ಲಿ. ಅಂದು ಟೈರುಗಳು ಐವತ್ತು ಸುತ್ತಿನ ಆಸುಪಾಸಿನಲ್ಲೇ ಸವೆದು ನಾರು ಕಾಣತೊಡಗಿದವು. ಯಾವಾಗ ವೇಗ ಬಿಡಬೇಕು, ಯಾವಾಗ ಹಿಡಿಯಬೇಕು ಎಂಬ ಲೆಕ್ಕ ಮತ್ತೆ ಚಾಲಕನ ಪಾಲಿಗೆ ಬಂತು. ಮುನ್ನಡೆ 54 ಬಾರಿ ಕೈ ಬದಲಾಗಿ ಚಿಕ್ಕ ಟ್ರ್ಯಾಕಿನ ದಾಖಲೆಯಾಯಿತು; ಗೆದ್ದವರು ಅನುಭವಿ ಡೆನ್ನಿ ಹ್ಯಾಮ್ಲಿನ್. ಸೆಪ್ಟೆಂಬರಿನಲ್ಲಿ ಅದೇ ಟ್ರ್ಯಾಕಿಗೆ ಮರಳಿದಾಗ ಟೈರು ಸವೆಯಲಿಲ್ಲ. ಲಾರ್ಸನ್ 500 ಸುತ್ತುಗಳಲ್ಲಿ 462 ಸುತ್ತು ಮುಂದಿದ್ದು ಗೆದ್ದರು. ಕಾರು ಅದೇ, ಟ್ರ್ಯಾಕ್ ಅದೇ. ಹಿಡಿತ ಉಳಿದ ದಿನ ರೇಸು ಸತ್ತಿತು, ಹಿಡಿತ ತಪ್ಪಿದ ದಿನ ಬದುಕಿತು. ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿರಲಿಲ್ಲ.

ಹಿಡಿತ ಮತ್ತೆ ತಪ್ಪುವಂತೆ ಮಾಡಲು ಎಂಜಿನ್ನಿನ ಶಕ್ತಿ ಹೆಚ್ಚಿಸಬಹುದಿತ್ತು. ಅದರ ವಿರುದ್ಧ ಹೇಳುತ್ತ ಬಂದ ವಾದಗಳು ಎರಡು: ಎಂಜಿನ್ನಿನ ಖರ್ಚು ಏರುತ್ತದೆ, ಹೊಸ ಕಾರು ಕಂಪನಿಗಳು ಸರಣಿಗೆ ಬರಲು ಹಿಂಜರಿಯುತ್ತವೆ. ಖರ್ಚಿನ ಮಾತು ಪೂರ್ತಿ ಸುಳ್ಳಲ್ಲ, ಹೆಚ್ಚು ದುಡಿದ ಎಂಜಿನ್ ಬೇಗ ಸೊರಗುತ್ತದೆ. ಆದರೆ ಈ 358 ಘನ ಇಂಚಿನ ವಿ8 ಎಂಜಿನ್ 2014ರವರೆಗೂ 850ರ ಆಸುಪಾಸಿನ ಅಶ್ವಶಕ್ತಿ ಕೊಡುತ್ತಿತ್ತು. 2015ರಲ್ಲಿ ಅದನ್ನು 725ಕ್ಕೆ ತಂದದ್ದು ಎಂಜಿನ್ನಿನ ಬಾಯಲ್ಲಿ ಗಾಳಿಯನ್ನು ತಡೆಯುವ, 'ಟೇಪರ್ಡ್ ಸ್ಪೇಸರ್' ಎಂಬ ತೂತಿನ ಲೋಹದ ತಟ್ಟೆ. ಅದರ ತೂತನ್ನು ಕೊಂಚ ಹಿಗ್ಗಿಸಿದರೆ ಶಕ್ತಿ ಮರಳುತ್ತದೆ. ಇನ್ನು ಕಂಪನಿಗಳ ವಾದವಂತೂ ನಿಲ್ಲುವುದೇ ಇಲ್ಲ: 670ಕ್ಕೆ ಇಳಿಸಿದ ಮೊದಲ ನಾಲ್ಕು ವರ್ಷ ಕಪ್ ಸರಣಿಯಲ್ಲಿ ಓಡಿದವರು ಅದೇ ಷೆವ್ರೊಲೆ, ಫೋರ್ಡ್, ಟೊಯೊಟಾ.

2025ರ ಅಕ್ಟೋಬರ್‌ನಲ್ಲಿ ಆಡಳಿತ ಕೊನೆಗೂ ಮಣಿದು, 2026ರಿಂದ ಒಂದೂವರೆ ಮೈಲಿಗಿಂತ ಚಿಕ್ಕ ಟ್ರ್ಯಾಕುಗಳಿಗೂ ರಸ್ತೆ ಮಾದರಿಯ ಟ್ರ್ಯಾಕುಗಳಿಗೂ 750 ಅಶ್ವಶಕ್ತಿ ಎಂದು ಘೋಷಿಸಿತು. ಸರಿಯಾದ ದಾರಿ, ಆದರೆ ಅರ್ಧದಷ್ಟೇ. 2021ರ 750 ಕಡಿಮೆ ಹಿಡಿತದ ಕಾರಿನಲ್ಲಿದ್ದ ಶಕ್ತಿ. ಅಗಲ ಟೈರಿನ ಈ ಕಾರಿಗೆ ಅಷ್ಟೇ ಸಾಲದು. ಬ್ರಿಸ್ಟಲ್‌ನ ಆ ಮಾರ್ಚ್ ತಿಂಗಳಿನಂತೆ ಸವೆಯುವ, ಆದರೆ ಸೆಪ್ಟೆಂಬರಿನಂತೆ ಕೈಕೊಡದ ಟೈರನ್ನು ಸರಣಿಗೆ ಟೈರು ಪೂರೈಸುವ ಗುಡ್‌ಇಯರ್ ಕೊಡಬೇಕು. ಚಿಕ್ಕ ಟ್ರ್ಯಾಕಿನಲ್ಲಿ ಇಡೀ ಸುತ್ತನ್ನು ಒಂದೇ ಗೇರಿನಲ್ಲಿ ಓಡಿಸಬೇಕಾಗುವಂತೆ ಗೇರಿನ ಅನುಪಾತ ಬದಲಾಗಬೇಕು. 750 ಸಾಲದೆ ಹೋದರೆ ಆ ತಟ್ಟೆಯ ತೂತನ್ನು 800ರ ಆಚೆಗೂ ಹಿಗ್ಗಿಸಲು ಇನ್ನೊಂದು ನಾಲ್ಕು ವರ್ಷ ಕಾಯಬಾರದು.