ಬೀಗದೊಳಗಿನ ರಥ

ಹಳೆಯ ಕಾರುಗಳನ್ನು ಕೊಂಡು ಕೂಡಿಡುವುದೂ ಅವನ್ನೇ ಪಂದ್ಯಕ್ಕಿಳಿಸಿ ಓಡಿಸುವುದೂ ಪಶ್ಚಿಮದೇಶಗಳಲ್ಲಿ ದೊಡ್ಡ ಗೀಳಾಗಿ ಬೆಳೆದಿವೆ. ಸಿರಿವಂತರ ಹುಚ್ಚೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಹಳೆಯದನ್ನು ಉಳಿಸಿಕೊಳ್ಳುವ ಬಗೆ ಯಾವುದೆಂಬ ಪ್ರಶ್ನೆಯೊಂದು ಈ ಹುಚ್ಚಿನೊಳಗೆ ಅಡಗಿದೆ. ಅದು ಹಳಗನ್ನಡ ಪಾಠ ಹೇಳುವ ನನ್ನಂಥವರಿಗೂ ಸಂಬಂಧಪಟ್ಟದ್ದು.

ಪೋರ್ಷೆ ಕಾರನ್ನೇ ತೆಗೆದುಕೊಳ್ಳೋಣ. 1948ರಲ್ಲಿ ಆಸ್ಟ್ರಿಯದ ಗ್ಮುಂಡ್ ಎಂಬ ಊರಿನಲ್ಲಿ ಹುಟ್ಟಿದ 356, ಅದರ ಉತ್ತರಾಧಿಕಾರಿಯಾಗಿ 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡ 911, ಈ ಸಾಲಿನ ಎಂಜಿನುಗಳಿಗೆ 1998ರವರೆಗೆ ನೀರಿನ ಹಂಗಿರಲಿಲ್ಲ. ಸಿಲಿಂಡರುಗಳ ಮೈತುಂಬ ತೆಳುವಾದ ಲೋಹದ ರೆಕ್ಕೆಗಳು. ಅವುಗಳ ಮೇಲೆ ಗಾಳಿ ಬೀಸುವ ಒಂದು ಫ್ಯಾನು. ಉಳಿದ ಬಿಸಿಯನ್ನು ಹೊತ್ತೊಯ್ಯಲು ಎಣ್ಣೆ. ಸದ್ದನ್ನು ಅಡಗಿಸುವ ನೀರಿನ ಹೊದಿಕೆ ಇಲ್ಲವಾದುದರಿಂದ ಆ ಯಂತ್ರದ ದನಿ ತೆರೆದ ಕೊರಳಿನದು. ಸದ್ದು, ಹೊಗೆಗಳ ಕಟ್ಟಳೆಗಳು ಬಿಗಿಯಾದಂತೆ ಆ ದನಿಯ ಕಾಲ ಮುಗಿಯಿತು.

ಇನ್ನು ಹುಟ್ಟುವುದಿಲ್ಲವೆಂಬ ವಸ್ತುವಿಗೆ ಬೆಲೆ ಏರುವುದು ಸಹಜ. ‘ಲೆ ಮಾನ್’ ಚಲನಚಿತ್ರಕ್ಕೆ ಬಳಸಿದ್ದ, ಗಾಳಿಯಿಂದಲೇ ತಣಿಯುವ 917 ಪಂದ್ಯದ ಕಾರೊಂದು 2017ರ ಹರಾಜಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಡಾಲರಿಗೆ ಮಾರಾಟವಾಯಿತು. ಬೆಲೆ ಏರಿದೊಡನೆ ಬೀಗ ಬೀಳುತ್ತದೆ. ಕೊಂಡವನಿಗೆ ಓಡಿದ ಒಂದೊಂದು ಮೈಲಿಯೂ ನಷ್ಟವಾಗಿ ತೋರುತ್ತದೆ.

ನಿಲ್ಲಿಸಿಟ್ಟ ಮಾತ್ರಕ್ಕೆ ಯಂತ್ರ ಉಳಿಯುವುದೆ? ರಬ್ಬರಿನ ಭಾಗಗಳು ಒಣಗಿ ಬಿರಿಯುತ್ತವೆ. ಹಳೆಯ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಕಂಡಿಗಳನ್ನು ಕಟ್ಟುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಅದನ್ನು ಬಿಚ್ಚಿ, ಜೋಡಿಸಿ, ದನಿ ಕೇಳಿಯೇ ಹದಗೊಳಿಸಬಲ್ಲ ಕೈಗಳು ಇಲ್ಲವಾಗುವುದು. 2002ರಲ್ಲಿ ಮೊದಲಾದ ‘ಲೆ ಮಾನ್ ಕ್ಲಾಸಿಕ್’ನಂಥ ಹಳೆಯ ಕಾರುಗಳ ಪಂದ್ಯಗಳು ಆ ಕೈಗಳಿಗೆ ಕೆಲಸ ಕೊಟ್ಟಿವೆ.

ಪಂದ್ಯದಲ್ಲಿ ಕಾರು ಗೋಡೆಗೆ ಬಡಿದರೆ ಮೂಲದ ತಗಡು ಮತ್ತೆ ಬಾರದೆಂಬ ಆಕ್ಷೇಪವುಂಟು. ಇದು ಹಗುರವಾದ ಮಾತಲ್ಲ. ಆದುದರಿಂದ ಇಲ್ಲಿ ವಿವೇಚನೆ ಬೇಕು. 1948ರ ಮೊಟ್ಟಮೊದಲ ಪೋರ್ಷೆಯಂತೆ ಏಕಮಾತ್ರವಾಗಿ ಉಳಿದದ್ದು ಪಂದ್ಯಕ್ಕೆ ಇಳಿಯಬಾರದು. ಸಾವಿರಾರು ಸಂಖ್ಯೆಯಲ್ಲಿ ತಯಾರಾದ 911ಗಳು ಓಡಲಿ, ಸವೆಯಲಿ, ಮತ್ತೆ ರಿಪೇರಿಯಾಗಲಿ.

ನಮ್ಮ ಕಾವ್ಯಗಳ ವಿಷಯದಲ್ಲಿ ನಾವು ಮಾಡುವುದೂ ಇದನ್ನೇ ಅಲ್ಲವೆ? ಓಲೆಗರಿಯ ಕಟ್ಟಿಗೆ ಎಣ್ಣೆ ಸವರಿ ಭಂಡಾರದಲ್ಲಿ ಕಾಪಾಡುತ್ತೇವೆ. ಅಚ್ಚಾದ ಪ್ರತಿಯನ್ನು ಕೈಯಲ್ಲಿ ಹಿಡಿದು ಓದುತ್ತೇವೆ. ಗಮಕಿ ಬಾಯ್ದೆರೆದು ಹಾಡದಿದ್ದರೆ ಕುಮಾರವ್ಯಾಸನ ಭಾರತವೂ ಇದ್ದು ಇಲ್ಲದಂತೆಯೇ. ಬೀಗ ಹಾಕಿದವನು ವಸ್ತುವನ್ನು ಉಳಿಸುತ್ತಾನೆ. ಬಳಸಿದವನು ವಿದ್ಯೆಯನ್ನು ಉಳಿಸುತ್ತಾನೆ. ಎರಡೂ ಬೇಕಾದವೇ. ಆದರೆ ವಸ್ತುವಿಗೆ ಕಾವಲುಗಾರರು ಬೇಕಾದಷ್ಟು ಮಂದಿ ಇದ್ದಾರೆ. ವಿದ್ಯೆಗೆ ಇರುವವರು ಕೆಲವರೇ.