ವೀಣೆಯ ಹಲಗೆ ಬಿರುಕು ಬಿಟ್ಟರೆ: ಬೆಸೆಯಬೇಕೇ, ಬದಲಿಸಬೇಕೇ?

ಪರ: ಬೆಸೆದೇ ಉಳಿಸಿಕೊಳ್ಳಿ
(ವೀಣೆ ಶಿಕ್ಷಕಿ, ದೊಡ್ಡಬಳ್ಳಾಪುರ)

ಕೊಡದ ಮೇಲಿನ ಹಲಗೆಯಲ್ಲಿ ಕೂದಲೆಳೆಯಷ್ಟು ಗೆರೆ ಕಂಡ ಕೂಡಲೇ ‘ಹಲಗೆ ಬದಲಾಯಿಸಿಬಿಡಿ’ ಎನ್ನುವವರನ್ನು ಕಂಡರೆ ನನಗೆ ತಡೆಯಲಾರದ ಸಿಟ್ಟು. ನಮ್ಮದೇ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಪೆನ್ನ ಓಬಳಯ್ಯನವರು ಬೆಳೆಸಿದ ವೀಣೆ ಮಾಡುವ ಕಸುಬು ಇಂದಿಗೂ ಬದುಕಿದೆ. ಹಲಸಿನ ಮರವನ್ನು ಕೊರೆದು, ತಟ್ಟಿ ನೋಡಿ ನೋಡಿ ತೆಳುವಾಗಿಸಿದ ಹಲಗೆಯದು. ವರ್ಷಗಟ್ಟಲೆ ನುಡಿಸಿ ಪಳಗಿದ ಅದನ್ನು ಒಂದು ಗೆರೆಗಾಗಿ ಕಿತ್ತೆಸೆಯುವುದೇ?

ಬಿರುಕು ಯಾಕೆ ಬರುತ್ತದೆ ನೋಡಿ. ಒಣಗಿದಾಗ ಮರ ಉದ್ದಕ್ಕೆ ಕುಗ್ಗುವುದು ತೀರ ಕಡಿಮೆ, ಅಡ್ಡಕ್ಕೆ ಜಾಸ್ತಿ. ಮಾರ್ಚ್, ಏಪ್ರಿಲ್‌ನ ಒಣಹವೆಗೆ ಹಲಗೆ ಅಡ್ಡಕ್ಕೆ ಬಿಗಿದುಕೊಳ್ಳುತ್ತದೆ; ಅಂಚು ಕೊಡಕ್ಕೆ ಅಂಟಿರುವುದರಿಂದ ಸರಿಯಲು ಜಾಗವಿಲ್ಲ. ಆಗ ನಾರಿನುದ್ದಕ್ಕೆ ಸೀಳು ಬೀಳುತ್ತದೆ. ನಾರು ತುಂಡಾಗಿಲ್ಲ, ಪಕ್ಕದ ನಾರನ್ನು ಬಿಟ್ಟಿದೆ ಅಷ್ಟೆ. ಬಿಟ್ಟದ್ದನ್ನು ಕೂಡಿಸಬಹುದು.

ಮೊದಲು ಶ್ರುತಿ ಇಳಿಸಿ ತಂತಿ ಸಡಿಲಿಸಿ. ಬೆರಳ ಗೆಣ್ಣಿನಿಂದ ಗೆರೆಯುದ್ದಕ್ಕೂ ತಟ್ಟುತ್ತಾ ಹೋದರೆ, ಬಿರುಕು ಓಡಿರುವಷ್ಟು ದೂರವೂ ಜರ್ರೆನ್ನುತ್ತದೆ. ಬಾಯಿ ತೆರೆದ ಬಿರುಕಿಗೆ ಕೂಡಲೇ ಅಂಟು ಸುರಿಯಬಾರದು. ವೀಣೆಗೆ ತಾಗದಂತೆ ಪಕ್ಕದಲ್ಲಿ ಒದ್ದೆ ಬಟ್ಟೆಯಿಟ್ಟು, ಎರಡನ್ನೂ ಸೇರಿಸಿ ಹೊದಿಸಿ ಕೆಲವು ದಿನ ಬಿಡಿ. ಮರ ತೇವ ಹೀರಿಕೊಂಡು ಬಿರುಕು ತಾನೇ ಕೂಡಿಕೊಳ್ಳುತ್ತದೆ. ಆಮೇಲೆ ಮರದ ಅಂಟನ್ನು ತೆಳ್ಳಗೆ ಹಚ್ಚಿ, ಒಂದು ಕಡೆಯ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ಬಿಡುತ್ತಿದ್ದರೆ ಅಂಟು ಒಳಕ್ಕಿಳಿಯುತ್ತದೆ. ಮೇಲೆ ಉಕ್ಕಿದ್ದನ್ನು ಒರೆಸಿ, ಎರಡು ಅಂಚೂ ಸಮವಾಗಿವೆಯೇ ಎಂದು ಸವರಿ ನೋಡಿ, ಒತ್ತು ಕೊಟ್ಟು ರಾತ್ರಿಯಿಡೀ ಬಿಡಬೇಕು. ಕ್ಷಣದಲ್ಲಿ ಹಿಡಿದುಕೊಳ್ಳುವ ಅಂಟು ಮಾತ್ರ ಬೇಡವೇ ಬೇಡ. ಅಂಚು ಸರಿಪಡಿಸಲು ಅದು ಸಮಯವನ್ನೇ ಕೊಡುವುದಿಲ್ಲ.

ಗಿಟಾರ್ ದುರಸ್ತಿಯವರೂ ಹೀಗೇ ಮಾಡುತ್ತಾರೆ. ಜೊತೆಗೆ ಒಳಗಿನಿಂದ ನಾರಿಗೆ ಅಡ್ಡವಾಗಿ ಮರದ ಪುಟ್ಟ ತೇಪೆ ಕೂರಿಸುತ್ತಾರೆ. ಸುಮಾರು 3 ಮಿಲಿಮೀಟರ್ ದಪ್ಪದ ಗಿಟಾರ್ ಹಲಗೆ, ಆರು ತಂತಿಗಳ ಸುಮಾರು 70 ಕಿಲೋ ಎಳೆತವನ್ನು ಬೆಸುಗೆಯ ಮೇಲೂ ತಾಳುತ್ತದೆ. ವೀಣೆಯ ಹಲಗೆ ತಾಳದೇ? ವೀಣೆಯೊಳಕ್ಕೆ ಕೈ ಹೋಗುವುದಿಲ್ಲ, ತೇಪೆ ಹಾಕುವುದೆಲ್ಲಿಂದ ಎನ್ನುತ್ತಾರೆ. ಸಣ್ಣ ಬಿರುಕಿಗೆ ತೇಪೆಯೇ ಬೇಡ. ತಂತಿಗಳನ್ನು ಹೊರುವ ಕುದುರೆಯ ಕೆಳಗೇ ಓಡಿದ್ದರೆ ಹಲಗೆ ಬಿಚ್ಚಿಸಬೇಕಾದೀತು, ನಿಜ. ಆದರೆ ಬಿಚ್ಚಿ, ತೇಪೆ ಹಾಕಿ, ಅದೇ ಹಲಗೆಯನ್ನು ಮತ್ತೆ ಕೂರಿಸಲಿ!

ವಿರೋಧ: ಹೊಸ ಹಲಗೆಯೇ ಲೇಸು
(ಕಛೇರಿ ವಾದಕ, ದೇವನಹಳ್ಳಿ)

ನುಡಿಸುವ ನಾಲ್ಕು ತಂತಿಗಳ ಒತ್ತಡವೆಲ್ಲ ಕುದುರೆಯ ಮೂಲಕ ಹಲಗೆಯ ಮೇಲೇ ಬೀಳುತ್ತದೆ. ಅದರ ಹತ್ತಿರದ ಬಿರುಕನ್ನು ಬೆಸೆದರೂ ಮತ್ತೆ ತೆರೆದುಕೊಳ್ಳುವ ಭಯ ತಪ್ಪಿದ್ದಲ್ಲ. ಇದು ಮೊದಲನೆಯದು.

ಎರಡನೆಯದು, ಸರಿಯಾಗಿ ಒಣಗಿಸದ ಮರ ಒಂದು ಕಡೆ ಸೀಳಿದರೆ ಮುಂದಿನ ಬೇಸಿಗೆಗೆ ಇನ್ನೊಂದು ಕಡೆ ಸೀಳುತ್ತದೆ. ಪ್ರತಿ ವರ್ಷ ಅಂಟು ಹಚ್ಚುತ್ತಾ ಕೂರುವುದಕ್ಕಿಂತ ಚೆನ್ನಾಗಿ ಒಣಗಿದ ಹಲಗೆ ಹಾಕಿಸುವುದು ಮೇಲು. ಮೂರನೆಯದಾಗಿ, ಮನೆಯಲ್ಲಿ ಅಭ್ಯಾಸಕ್ಕೆ ಕೂತಾಗ ಕೇಳಿಸದ ಜರ್ರೆನ್ನುವ ಸದ್ದು ಮೈಕ್ ಮುಂದೆ ಎದ್ದು ಕೇಳುತ್ತದೆ. ಕಛೇರಿ ನಡುವೆ ವೀಣೆ ಕೈಕೊಟ್ಟರೆ ಪಕ್ಕವಾದ್ಯದವರೂ ಕಾಯುತ್ತಾ ಕೂರಬೇಕು. ಹೊಸ ಹಲಗೆಯಿಂದ ಸಿಂಪಾಡಿಪುರದವರಿಗೆ ಕೆಲಸವೂ ಸಿಗುತ್ತದೆ.

ಇದರಲ್ಲಿ ತೊಡಕಿಲ್ಲವೆಂದಲ್ಲ. ಹಲಗೆ ಬದಲಾದರೆ ಕುದುರೆಯನ್ನು ಹೊಸದಾಗಿ ಕೂರಿಸಬೇಕು. ಅದರ ಎತ್ತರ ಸ್ವಲ್ಪ ಹೆಚ್ಚು ಕಡಿಮೆಯಾದರೂ ಮೇಣದಲ್ಲಿ ಕೂತ 24 ಮೆಟ್ಟಿಲುಗಳ ಸ್ವರಸ್ಥಾನವನ್ನು ಮತ್ತೆ ನೋಡಬೇಕು. ಹೀಗೆ ಮೆಟ್ಟಿಲು ಕೂರಿಸುವುದು, ಅಂದರೆ ಮೇಳ ಕಟ್ಟುವುದು, ನುರಿತ ಕಿವಿಯ ಕೆಲಸ. ನಾದವೂ ಬದಲಾಗುತ್ತದೆ, ಹೊಸ ಹಲಗೆ ಪಳಗುವವರೆಗೆ ತಾಳ್ಮೆ ಬೇಕು. ಬೀಟೆ ಮರದ ಹಳೆಯ ಮೈಸೂರು ವೀಣೆಯಾದರೆ ಅದಕ್ಕೆ ಹೊಂದುವ ಮರ ಹುಡುಕುವುದೂ ಸುಲಭವಲ್ಲ. ಕುದುರೆಯಿಂದ ದೂರ, ಅಂಚಿನಲ್ಲಿ ಬಂದ ಸಣ್ಣ ಬಿರುಕಿಗೆ ಹಲಗೆ ಬದಲಾಯಿಸಿ ಎಂದು ನಾನೂ ಹೇಳಲಾರೆ. ಅಲ್ಲಿ ಬೆಸುಗೆ ಸಾಕು. ಗೆರೆ ಕುದುರೆಯ ಕಡೆ ಓಡುತ್ತಿದ್ದರೆ ಮಾತ್ರ ತಡಮಾಡದೆ ವೀಣೆ ಮಾಡಿದವರ ಕೈಗೇ ಒಪ್ಪಿಸಿ.