ಎರಡನೆಯ ಪ್ರತಿ ಎಲ್ಲಿದೆ?

ವಿಶ್ವವಿದ್ಯಾನಿಲಯದ ನಿಜವಾದ ಸಂಪತ್ತು ಯಾವುದು? ಭವ್ಯವಾದ ಕಟ್ಟಡಗಳೆಂದು ಹಲವರು ಹೇಳಿಯಾರು. ಆದರೆ ವಿದ್ಯಾರ್ಥಿಗಳ ಅಂಕಪಟ್ಟಿಗಳು, ಸಂಶೋಧಕರ ಅಳತೆಗಳು, ಬರೆಯುತ್ತಿರುವ ಪ್ರಬಂಧಗಳು ಇವೆಲ್ಲವೂ ಇಂದು ದತ್ತಾಂಶ ಕೇಂದ್ರವೆಂಬ ಕೆಲವೇ ಕೊಠಡಿಗಳ ಗಣಕಯಂತ್ರಗಳಲ್ಲಿ ಅಡಗಿವೆ. ಬಿದ್ದ ಕಟ್ಟಡವನ್ನು ಮತ್ತೆ ಕಟ್ಟಬಹುದು. ಹತ್ತು ವರ್ಷಗಳ ಹಿಂದೆ ಸುರಿದ ಮಳೆಯನ್ನು ಮತ್ತೆ ಅಳೆಯುವುದು ಯಾರಿಂದಲೂ ಆಗದು.

2002ರ ನವೆಂಬರ್ 20ರಂದು ನೆದರ್‌ಲೆಂಡ್ಸ್ ದೇಶದ ಟ್ವೆಂಟೆ ವಿಶ್ವವಿದ್ಯಾನಿಲಯದಲ್ಲಿ ಗಣಕ ಕೇಂದ್ರವಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಯಂತ್ರಗಳು ಸುಟ್ಟುಹೋದುವು. ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಯೋಜನೆಯ ಭದ್ರತಾ ಕಡತಗಳನ್ನು ಒದಗಿಸುತ್ತಿದ್ದ ಯಂತ್ರವೂ ಅವುಗಳಲ್ಲಿ ಒಂದು. ಆದರೂ ಆ ಯೋಜನೆಯವರು ಬೇರೊಂದು ಯಂತ್ರದಲ್ಲಿ ತಮ್ಮ ಸೇವೆಯನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಯಂತ್ರ ಸುಟ್ಟರೂ ಕೆಲಸ ಉಳಿಯಿತು.

ಬೆಂಕಿಯೊಂದೇ ಶತ್ರುವೆಂದು ತಿಳಿಯಬಾರದು. ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದ ಸೂಪರ್‌ಕಂಪ್ಯೂಟರಿನಲ್ಲಿ 2021ರ ಡಿಸೆಂಬರ್ 14ರಿಂದ 16ರವರೆಗೆ ಸುಮಾರು 77 ಟೆರಾಬೈಟ್‌ಗಳಷ್ಟು ದತ್ತಾಂಶ, ಎಂದರೆ ಸುಮಾರು 3.4 ಕೋಟಿ ಕಡತಗಳು, ಅಳಿಸಿಹೋದುವು. ಅಳಿಸಿದ್ದು ಬ್ಯಾಕಪ್ ಪ್ರೋಗ್ರಾಮೇ! ಅನವಶ್ಯಕವಾದ ಹಳೆಯ ದಾಖಲೆಗಳನ್ನು ಮಾತ್ರ ತೆಗೆಯಬೇಕಾಗಿದ್ದ ಆ ಪ್ರೋಗ್ರಾಮನ್ನು, ಅದು ನಡೆಯುತ್ತಿರುವಾಗಲೇ ಹೊಸದರಿಂದ ಬದಲಾಯಿಸಿದುದರಿಂದ, ಸಂಶೋಧಕರ ಕಡತಗಳಿಗೇ ಕೊಡಲಿ ಬಿತ್ತು. 14 ಸಂಶೋಧನ ತಂಡಗಳು ನಷ್ಟಕ್ಕೆ ಗುರಿಯಾದುವು. ಅವುಗಳಲ್ಲಿ 4 ತಂಡಗಳ ಕಡತಗಳನ್ನು ಬ್ಯಾಕಪ್‌ನಿಂದಲೂ ಪಡೆಯಲಾಗಲಿಲ್ಲ. ಕಾವಲುಗಾರನೇ ಕಣಜವನ್ನು ಬರಿದು ಮಾಡಿದಂತಾಯಿತು.

ಈ ಎರಡು ಘಟನೆಗಳಿಂದ ನಾವು ಕಲಿಯಬೇಕಾದುದು ಮೂರು ಪಾಠ. ಒಂದು, ಎರಡನೆಯ ಪ್ರತಿ ಬೇರೆ ಊರಿನಲ್ಲಿರಬೇಕು. ಒಂದೇ ಬೆಂಕಿಗೆ, ಒಂದೇ ನೆರೆಗೆ, ಒಂದೇ ಭೂಕಂಪಕ್ಕೆ ಎರಡೂ ಸಿಗಬಾರದು. ಎರಡು, ಕನ್ನಡಿಯಂತೆ ಕ್ಷಣಕ್ಷಣಕ್ಕೂ ಮೂಲವನ್ನು ಅನುಸರಿಸುವ ಪ್ರತಿಯೊಂದೇ ಸಾಲದು; ಮೂಲದಲ್ಲಿ ಅಳಿದುದನ್ನು ಅದೂ ಕೂಡಲೆ ಅಳಿಸಿಬಿಡುತ್ತದೆ. ಆದುದರಿಂದ ಯಾರೂ ತಿದ್ದಲಾಗದ ಹಳೆಯ ಪ್ರತಿಗಳನ್ನೂ ಕೆಲಕಾಲ ಬೇರೆಯಾಗಿ ಇಟ್ಟಿರಬೇಕು. ಮೂರು, ಆ ಪ್ರತಿಯಿಂದ ಎಲ್ಲವನ್ನೂ ಮರಳಿ ಪಡೆಯಬಹುದೇ ಎಂಬುದನ್ನು ಆಗಾಗ್ಗೆ ಪರೀಕ್ಷಿಸಬೇಕು. ಹಾಗೆ ಪರೀಕ್ಷಿಸದ ಪ್ರತಿ ಬರಿಯ ನಂಬಿಕೆಯೇ ಹೊರತು ರಕ್ಷಣೆಯಲ್ಲ.

ಇದಕ್ಕೆಲ್ಲ ಹಣವೆಲ್ಲಿ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಎಲ್ಲ ಕಡತಗಳ ಬೆಲೆಯೂ ಒಂದೇ ಅಲ್ಲ. ಲೆಕ್ಕಮಾಡಿ ಪಡೆದ ಫಲಿತಾಂಶವನ್ನು ಮತ್ತೆ ಲೆಕ್ಕಮಾಡಿ ಪಡೆಯಬಹುದು; ಪ್ರಕೃತಿಯನ್ನು ಅವಲೋಕಿಸಿ ಬರೆದುಕೊಂಡುದನ್ನೂ, ವಿದ್ಯಾರ್ಥಿಗಳ ಅಂಕಗಳನ್ನೂ ಹಾಗೆ ಪಡೆಯಲಾಗದು. ಇವನ್ನು ಮೊದಲು ಕಾಪಾಡಲಿ. ದೂರದೂರದ ಎರಡು ವಿಶ್ವವಿದ್ಯಾನಿಲಯಗಳು ಒಂದರ ಪ್ರತಿಯನ್ನು ಇನ್ನೊಂದು ಇಟ್ಟುಕೊಳ್ಳುವ ಒಪ್ಪಂದ ಮಾಡಿಕೊಂಡರೆ ವೆಚ್ಚವೂ ಇಳಿಯುತ್ತದೆ.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ನಮ್ಮ ಸಾಹಿತ್ಯ ಚರಿತ್ರೆ ಹೇಳುತ್ತದೆ. ಓಲೆಗರಿಯ ಕಾಲದಲ್ಲಿ ತಿಳಿದಿದ್ದ ಈ ವಿವೇಕ ಗಣಕಯಂತ್ರದ ಕಾಲದಲ್ಲಿ ಮರೆಯಬಾರದು. ಹೊಸ ಯಂತ್ರವನ್ನು ಕೊಂಡೆವೆಂದು ಹೆಮ್ಮೆಪಡುವ ಪ್ರತಿಯೊಂದು ವಿದ್ಯಾಸಂಸ್ಥೆಯನ್ನೂ ಅದರ ವಿದ್ಯಾರ್ಥಿಗಳು ವಿನಯದಿಂದಲೇ ಕೇಳಲಿ: ನಮ್ಮ ಎರಡನೆಯ ಪ್ರತಿ ಎಲ್ಲಿದೆ? ಅದನ್ನು ಕೊನೆಯ ಬಾರಿ ತೆರೆದು ನೋಡಿದ್ದು ಯಾವಾಗ?